ಕಡಲ ಮೇಲಿನ ಶ್ರಾವಕ: ದೂರವಾಣಿಯೂ ದೇಶವ್ರತವೂ

ಮನುಷ್ಯನು ಒಂದೆಡೆ ಕುಳಿತಿರುವಾಗಲೂ ಅವನ ಇಚ್ಛೆ ಹತ್ತು ದಿಕ್ಕುಗಳಿಗೂ ಹರಿಯುತ್ತಿರುತ್ತದೆ. ಆ ಹರಿವಿಗೆ ಒಂದು ಕಟ್ಟೆಯಿರಲೆಂದು ನಮ್ಮ ಆಚಾರ್ಯರು ಶ್ರಾವಕನಿಗೆ ಅಣುವ್ರತಗಳ ಬೆಂಬಲವಾಗಿ ದಿಗ್ವ್ರತ ಮತ್ತು ದೇಶವ್ರತಗಳನ್ನು ವಿಧಿಸಿದರು. ಇಂಥ ದಿಕ್ಕಿನಲ್ಲಿ ಇಷ್ಟು ದೂರಕ್ಕಿಂತ ಆಚೆಗೆ ನಾನು ವ್ಯವಹರಿಸುವುದಿಲ್ಲವೆಂದು ಬಾಳಿನ ಕೊನೆಯವರೆಗೆ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೇ ಇನ್ನೂ ಕಿರಿದಾದ ಸ್ಥಳವನ್ನು ಕೆಲವು ದಿನಗಳ ಮಟ್ಟಿಗೆ, ಕೆಲವು ತಿಂಗಳ ಮಟ್ಟಿಗೆ ಗೊತ್ತುಮಾಡಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನೆಯದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಎಣಿಸಿದ್ದಾರೆ. ಎಣಿಕೆಯ ಕ್ರಮ ಬೇರೆಯಾದರೂ ಉದ್ದೇಶ ಒಂದೇ. ಎಲ್ಲೆಯಿಂದಾಚೆ ನಮ್ಮ ಮೂಲಕ ನಡೆಯಬಹುದಾದ ಆರಂಭ, ಪರಿಗ್ರಹಗಳು ಅಷ್ಟುಕಾಲವಾದರೂ ನಿಲ್ಲಬೇಕು ಎಂಬುದೇ ಆ ಉದ್ದೇಶ.

ಈ ಹಳೆಯ ವಿಚಾರವನ್ನು ಇಂದು ಹೊಸದಾಗಿ ಪರಿಶೀಲಿಸಲು ಒಂದು ಕಾರಣವಿದೆ. ನಮ್ಮ ಸಮಾಜದ ಅನೇಕ ಕುಟುಂಬಗಳು ಈಚಿನ ವರ್ಷಗಳಲ್ಲಿ ರಜೆಯ ದಿನಗಳನ್ನು ಕ್ರೂಸ್ ಹಡಗುಗಳಲ್ಲಿ ಕಳೆಯತೊಡಗಿವೆ. ೨೦೨೧ರ ಸೆಪ್ಟೆಂಬರಿನಿಂದ ಮುಂಬಯಿಯನ್ನೇ ನೆಲೆಯಾಗಿಸಿಕೊಂಡು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಇಂಥ ಹಡಗು ಸಂಚರಿಸಲು ಆರಂಭವಾದ ಮೇಲೆ ಸಿಂಗಾಪುರಕ್ಕೋ ಯೂರೋಪಿಗೋ ಹೋಗಬೇಕಾದ ಅಗತ್ಯವೂ ಉಳಿದಿಲ್ಲ. ಕೋರಿಕೊಂಡವರಿಗೆ ಜೈನ ಆಹಾರವೂ ದೊರೆಯುವುದರಿಂದ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಹೀಗೆ ಮೂರು ತಲೆಮಾರಿನವರು ಒಟ್ಟಾಗಿ ಹೊರಡುವುದು ಸಾಧ್ಯವಾಗಿದೆ. ಹೊರಡುವ ಮುನ್ನ ಮನೆಮನೆಯಲ್ಲಿಯೂ ಏಳುವ ಪ್ರಶ್ನೆಯೊಂದಿದೆ: ಹಡಗಿನಲ್ಲಿ ಫೋನು ನಡೆಯುತ್ತದೆಯೇ, ಇಂಟರ್ನೆಟ್ ಸಿಗುತ್ತದೆಯೇ? ಬಹುಮಟ್ಟಿಗೆ ಈ ಪ್ರಶ್ನೆಯನ್ನು ರೂಪಾಯಿಯ ಲೆಕ್ಕದಲ್ಲಿ ಮಾತ್ರ ಕೇಳಲಾಗುತ್ತದೆ. ಅದು ಧರ್ಮದ ಲೆಕ್ಕವೂ ಹೌದೆಂಬುದನ್ನು ತೋರಿಸುವುದು ಈ ಲೇಖನದ ಆಶಯ.

ಮೊದಲು ಸಂಗತಿಯನ್ನು ಅದಿರುವಂತೆ ತಿಳಿಯೋಣ. ಹಡಗು ದಡದ ಸಮೀಪವಿರುವವರೆಗೆ ನೆಲದ ಮೇಲಿನ ಗೋಪುರಗಳ ಸಂಕೇತ ಸಿಗುತ್ತದೆ. ಸಾಮಾನ್ಯ ಜಿ.ಎಸ್.ಎಂ. ವ್ಯವಸ್ಥೆಯಲ್ಲಿ ಒಂದು ಗೋಪುರದ ವ್ಯಾಪ್ತಿ ಹೆಚ್ಚೆಂದರೆ ೩೫ ಕಿಲೋಮೀಟರು. ಅದನ್ನು ದಾಟಿದ ಮೇಲೆ ಉಪಗ್ರಹವೊಂದೇ ದಾರಿ. ಹಡಗಿನೊಳಗೇ ಒಂದು ಪುಟ್ಟ ಮೊಬೈಲ್ ಕೇಂದ್ರವಿದ್ದು ಅದು ಮಾತನ್ನು ಉಪಗ್ರಹಕ್ಕೆ ಒಪ್ಪಿಸುತ್ತದೆ. ಇಲ್ಲವೇ ಹಡಗಿನ ವೈ-ಫೈ ಆ ಕೆಲಸವನ್ನು ಮಾಡುತ್ತದೆ. ಮೊದಲನೆಯದು ಬೇರೆಯದೇ ಆದ ಒಂದು ಜಾಲವೆಂದು ಲೆಕ್ಕವಾಗುವುದರಿಂದ ಸಾಮಾನ್ಯ ವಿದೇಶೀ ರೋಮಿಂಗ್ ಯೋಜನೆಗಳು ಅದಕ್ಕೆ ಹೆಚ್ಚಾಗಿ ಅನ್ವಯಿಸುವುದಿಲ್ಲ. ಜೇಬಿನಲ್ಲಿ ಸುಮ್ಮನಿರುವ ಫೋನು ತಾನಾಗಿಯೇ ಆ ಜಾಲವನ್ನು ಹಿಡಿದು, ಒಳಗಿನ ಆ್ಯಪ್‌ಗಳು ನಮಗರಿವಿಲ್ಲದೆ ಮಾಹಿತಿ ತರಿಸಿಕೊಂಡು, ದೊಡ್ಡ ಮೊತ್ತದ ಬಿಲ್ಲು ಬರುವುದುಂಟು. ಬಲ್ಲವರು ದಡ ಬಿಡುವಾಗಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇಕಾದಾಗ ವೈ-ಫೈ ಮಾತ್ರ ತೆರೆಯುತ್ತಾರೆ.

ಹಿಂದೆ ಈ ಸಂಪರ್ಕವು ಭೂಮಿಯಿಂದ ೩೫,೭೮೬ ಕಿಲೋಮೀಟರು ಎತ್ತರದ ಉಪಗ್ರಹಗಳನ್ನೇ ಅವಲಂಬಿಸಿತ್ತು. ಅಷ್ಟು ದೂರ ಹೋಗಿಬರಬೇಕಾದ್ದರಿಂದ ಪ್ರಶ್ನೆಗೂ ಉತ್ತರಕ್ಕೂ ನಡುವೆ ಸುಮಾರು ಅರ್ಧ ಸೆಕೆಂಡಿನ ಮೌನ ಉಳಿಯುತ್ತಿತ್ತು. ಈಗ ಸುಮಾರು ೫೫೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳು ಆ ಮೌನವನ್ನೂ ಬಹುಪಾಲು ಅಳಿಸಿಹಾಕಿವೆ. ರಾಯಲ್ ಕೆರಿಬಿಯನ್ ಸಂಸ್ಥೆ ೨೦೨೨ರಲ್ಲಿ ತನ್ನ ಹಡಗುಗಳಿಗೆಲ್ಲ ಈ ವ್ಯವಸ್ಥೆಯನ್ನು ಅಳವಡಿಸುವುದಾಗಿ ಪ್ರಕಟಿಸಿತು. ನಮ್ಮ ದೇಶದಲ್ಲಿಯೂ ವಿಮಾನ ಹಾಗೂ ಹಡಗುಗಳಲ್ಲಿ ಮಾತು ಮತ್ತು ಇಂಟರ್ನೆಟ್ ಸೇವೆಗೆ ಅವಕಾಶ ಕೊಡುವ ನಿಯಮಗಳು ೨೦೧೮ರಲ್ಲಿ ಜಾರಿಗೆ ಬಂದವು. ಕೊಚ್ಚಿಯಿಂದ ಲಕ್ಷದ್ವೀಪದ ೧೧ ದ್ವೀಪಗಳಿಗೆ ಸಮುದ್ರದಡಿಯಲ್ಲಿ ಎಳೆದ ೧,೮೬೮ ಕಿಲೋಮೀಟರು ಉದ್ದದ ಕೇಬಲ್ ೨೦೨೪ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ದಿಗ್ವ್ರತದ ಎಲ್ಲೆಗೆ ಯಾವುದನ್ನು ಗುರುತಾಗಿ ಇಟ್ಟುಕೊಳ್ಳಬೇಕೆಂದು ಹೇಳುವಾಗ ಸಮಂತಭದ್ರಾಚಾರ್ಯರು ನದಿ, ಅಡವಿ, ಬೆಟ್ಟಗಳಿಗಿಂತ ಮೊದಲು ಸಮುದ್ರವನ್ನು ಹೆಸರಿಸಿದ್ದಾರೆ. ಎಲ್ಲೆಗಳಿಗೆಲ್ಲ ಮೊದಲನೆಯದಾಗಿದ್ದ ಆ ಸಮುದ್ರವೇ ಇಂದು ಎಲ್ಲೆಯಾಗಿ ಉಳಿದಿಲ್ಲ. ಹೊರಗಿನ ಎಲ್ಲೆ ಅಳಿದ ಕಡೆ ಒಳಗಿನ ಎಲ್ಲೆಯನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ.

ಇಲ್ಲಿ ದೇಶವ್ರತದ ಐದು ಅತಿಚಾರಗಳನ್ನು ನೆನೆಯುವುದು ಉಚಿತ. ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ ಎಂಬವೇ ಆ ಐದು. ತಾನು ಎಲ್ಲೆಯೊಳಗೆ ಕುಳಿತು ಹೊರಗಿನಿಂದ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಹೊರಗೆ ಕೆಲಸದಲ್ಲಿರುವವರನ್ನು ಉದ್ದೇಶಿಸಿ ಕೆಮ್ಮಿಯೋ ಸದ್ದುಮಾಡಿಯೋ ಸೂಚನೆ ಕೊಡುವುದು ಶಬ್ದಾನುಪಾತ. ಮಾತನಾಡದೆ ತನ್ನ ಮೈಯನ್ನು ತೋರಿಸಿ ಇಂಗಿತ ತಿಳಿಸುವುದು ರೂಪಾನುಪಾತ. ಕಲ್ಲು, ಹೆಂಟೆಗಳನ್ನು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳನ್ನು ವಿವರಿಸಿದ ಕಾಲದಲ್ಲಿ ತಂತಿಯೂ ಇರಲಿಲ್ಲ, ದೂರವಾಣಿಯೂ ಇರಲಿಲ್ಲ. ಆದರೂ ಈ ಪಟ್ಟಿಯನ್ನು ಇಂದು ಓದಿದವರಿಗೆ ದೂರವಾಣಿಯ ಕರೆ ಶಬ್ದಾನುಪಾತವಾಗಿ, ವಿಡಿಯೋ ಕರೆ ರೂಪಾನುಪಾತವಾಗಿ, ಕ್ಷಣಕ್ಷಣಕ್ಕೂ ಎಸೆಯುವ ಸಂದೇಶಗಳು ಪುದ್ಗಲಕ್ಷೇಪವಾಗಿ ಕಾಣದೆ ಇರವು. ದೇಹ ಎಲ್ಲೆಯೊಳಗಿದ್ದರೆ ಸಾಲದು, ಅದರ ಇಚ್ಛೆಯೂ ಒಳಗಿರಬೇಕೆಂಬುದನ್ನು ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದರೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಹಡಗು ಹತ್ತಿದವರೆಲ್ಲರೂ ದೇಶವ್ರತ ತೊಟ್ಟವರಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ತೊಡದ ವ್ರತಕ್ಕೆ ಅತಿಚಾರವೂ ಇಲ್ಲ. ಆದರೆ ರೋಗವಿಲ್ಲದವನಿಗೂ ವೈದ್ಯಶಾಸ್ತ್ರದ ತಿಳಿವು ಉಪಯುಕ್ತವಾಗುವಂತೆ, ವ್ರತವಿಲ್ಲದವನಿಗೂ ಅತಿಚಾರದ ವಿವೇಚನೆ ತನ್ನ ಮನಸ್ಸನ್ನು ಅರಿಯಲು ನೆರವಾಗುತ್ತದೆ. ಮೇಲಾಗಿ ನಾಲ್ಕೈದು ದಿನ ಎಲ್ಲ ಬಿಟ್ಟು ಮನೆಯವರೊಡನೆ ಇರುತ್ತೇನೆ ಎಂದು ಹೊರಡುವುದೂ ಒಂದು ಬಗೆಯ ಸಂಕಲ್ಪವೇ. ಅದನ್ನು ಕೊಟ್ಟದ್ದು ಹೆಂಡತಿಗೆ, ಮಕ್ಕಳಿಗೆ, ವೃದ್ಧರಾದ ತಂದೆತಾಯಿಗಳಿಗೆ. ಕೊಟ್ಟ ಮಾತನ್ನು ನಡೆಸುವುದು ಸತ್ಯಾಣುವ್ರತದ ವ್ಯಾಪ್ತಿಗೇ ಸೇರುತ್ತದೆ.

ಹಾಗಾದರೆ ಫೋನನ್ನು ಸಮುದ್ರಕ್ಕೆ ಎಸೆಯಬೇಕೆ? ಬೇಡ. ಎಲ್ಲ ಕರೆಗಳೂ ಒಂದೇ ಬಗೆಯವಲ್ಲ. ಅದು ಯಾರ ಹಿತಕ್ಕಾಗಿ ಹೋಗುತ್ತದೆ ಎಂಬುದರ ಮೇಲೆ ಅದರ ಗುಣ ನಿರ್ಧಾರವಾಗುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡು ಸಾಮಾನ್ಯವಾಗಿ ನಡೆಯುವ ಮೂರು ಬಗೆಯ ಸಂಪರ್ಕಗಳನ್ನು ನೋಡೋಣ.

ಮೊದಲನೆಯದು ನಮ್ಮನ್ನೇ ನಂಬಿದವರೊಡನೆ ಇಟ್ಟುಕೊಳ್ಳುವ ಸಂಪರ್ಕ. ಪ್ರಯಾಣ ಮಾಡಲಾರದ ತಾಯಿ ಮನೆಯಲ್ಲಿ ಉಳಿದಿದ್ದಾರೆ. ಸೊಸೆಯ ತಂದೆ ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದಿದ್ದಾರೆ. ಮಗಳೊಬ್ಬಳು ದೂರದ ಊರಿನಲ್ಲಿ ಓದುತ್ತಿದ್ದಾಳೆ. ಇವರಿಗೆ ನಮ್ಮ ಧ್ವನಿ ತಲುಪದಿದ್ದರೆ ಅವರ ಮನಸ್ಸಿನಲ್ಲಿ ಆರ್ತಧ್ಯಾನ ಉಂಟಾಗುತ್ತದೆ. ಇನ್ನೊಬ್ಬರ ಕಳವಳಕ್ಕೆ ಕಾರಣವಾಗುವ ಮೌನ ವೈರಾಗ್ಯವಲ್ಲ, ಅದು ಪ್ರಮಾದ. ಇಲ್ಲಿ ಸಂಪರ್ಕವನ್ನು ಉಳಿಸಿಕೊಳ್ಳುವುದು ಕರ್ತವ್ಯ. ಅದನ್ನು ಉಳಿಸಿಕೊಳ್ಳುವ ರೀತಿಯಲ್ಲಿ ಮಾತ್ರ ವಿವೇಕ ಬೇಕು. ಹಡಗು ಯಾವ ದಿನ ಯಾವ ಬಂದರಿನಲ್ಲಿರುತ್ತದೆ, ತುರ್ತಿನಲ್ಲಿ ಹಡಗಿನ ಕಚೇರಿಯನ್ನು ತಲುಪುವ ಸಂಖ್ಯೆ ಯಾವುದು, ನಮ್ಮ ಕೋಣೆಯ ಸಂಖ್ಯೆ ಎಷ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ ಹೋದರೆ ಅರ್ಧ ಚಿಂತೆ ಕಳೆಯಿತು. ದಿನಕ್ಕೊಮ್ಮೆ ಗೊತ್ತಾದ ವೇಳೆಯಲ್ಲಿ ಒಂದು ಕರೆ ಹೋದರೆ ಉಳಿದರ್ಧವೂ ಕಳೆಯುತ್ತದೆ. ಬೇಕೆಂದಾಗ ಹತ್ತು ಬಾರಿ ಮಾತನಾಡುವುದಕ್ಕಿಂತ ಹೇಳಿದ ವೇಳೆಗೆ ಒಂದು ಬಾರಿ ಮಾತನಾಡುವುದು ವೃದ್ಧರಿಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಎರಡನೆಯದು ವ್ಯಾಪಾರದ ಸಂಪರ್ಕ. ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ಹಡಗು ಹತ್ತಿದ ಯಜಮಾನ ದಿನಕ್ಕೆ ಮೂರು ಬಾರಿ ಫೋನು ಮಾಡಿ ಗಲ್ಲೆಯಲ್ಲಿ ಎಷ್ಟಾಯಿತೆಂದು ಕೇಳುತ್ತಾನೆ. ಕೆಲಸದಲ್ಲಿರುವವರನ್ನು ಉದ್ದೇಶಿಸಿ ಕೆಮ್ಮುವುದೆಂದರೆ ಇದೇ. ಇದರಿಂದ ಮೂವರಿಗೆ ನಷ್ಟ. ಯಜಮಾನನ ಮನಸ್ಸು ಅಂಗಡಿಯಲ್ಲಿಯೇ ಉಳಿದು ಕಡಲೂ ಕಾಣಲಿಲ್ಲ, ಮಕ್ಕಳೂ ಕಾಣಲಿಲ್ಲ. ಗುಮಾಸ್ತನಿಗೆ ಹೊಣೆ ಬಂತೇ ಹೊರತು ವಿಶ್ವಾಸ ಬರಲಿಲ್ಲ. ಪ್ರತಿಯೊಂದಕ್ಕೂ ಫೋನು ಕಾಯುವ ಅಭ್ಯಾಸ ಬೆಳೆದು ಅಂಗಡಿಗೂ ಸ್ವಂತ ಕಾಲಿನ ಮೇಲೆ ನಿಲ್ಲುವ ಶಕ್ತಿ ಬರಲಿಲ್ಲ. ಶ್ರೀಪಾಲನ ಸಮುದ್ರಯಾನದ ಕಥೆಯನ್ನು ಕೇಳಿ ಬೆಳೆದ ನಮಗೆ ಹಿಂದಿನ ವಣಿಕರ ರೀತಿ ಹೊಸದೇನಲ್ಲ. ಹಡಗು ದಡ ಬಿಟ್ಟಿತೆಂದರೆ ಮರಳುವವರೆಗೆ ಸುದ್ದಿಯಿಲ್ಲದ ಕಾಲ ಅದು. ಹೊರಡುವ ಮುನ್ನವೇ ಲೆಕ್ಕ ಒಪ್ಪಿಸಿ, ನಂಬುವವರನ್ನು ನಂಬಿ ಹೋಗುವುದಲ್ಲದೆ ಬೇರೆ ದಾರಿ ಆಗ ಇರಲಿಲ್ಲ.

ಇಂದಿನ ವ್ಯಾಪಾರಕ್ಕೆ ಇಂದಿನ ತೊಡಕುಗಳಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ತಿಂಗಳ ಲೆಕ್ಕ ಸಲ್ಲಿಸುವ ವರ್ತಕನಿಗೆ ಜಿ.ಎಸ್.ಟಿ. ವಿವರಣ ಪತ್ರಗಳ ಕೊನೆಯ ದಿನಗಳು ಸಾಮಾನ್ಯವಾಗಿ ೧೧ ಮತ್ತು ೨೦ನೆಯ ತಾರೀಖು. ಅವು ನಮ್ಮ ರಜೆಯನ್ನು ಕಾಯುವುದಿಲ್ಲ. ಬ್ಯಾಂಕಿನ ಓ.ಟಿ.ಪಿ. ಎಸ್ಸೆಮ್ಮೆಸ್ ಆಗಿ ಬರುವುದರಿಂದ, ಹಡಗಿನ ವೈ-ಫೈ ಇದ್ದರೂ ಅದು ಕೈಗೆ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಅದನ್ನು ಇನ್ನೊಬ್ಬರಿಗೆ ತಿಳಿಸಿ ಕೆಲಸ ಸಾಗಿಸುವುದು ಬ್ಯಾಂಕಿನ ನಿಯಮಕ್ಕೂ ವಿರುದ್ಧ, ಜಾಣತನಕ್ಕೂ ವಿರುದ್ಧ. ಆದ್ದರಿಂದ ಕೊಡಬೇಕಾದ ಹಣವನ್ನು ಮೊದಲೇ ಕೊಟ್ಟು, ಸಂಬಳದ ವ್ಯವಸ್ಥೆ ಮಾಡಿ, ಬ್ಯಾಂಕಿನಲ್ಲಿ ಇನ್ನೊಬ್ಬ ಅಧಿಕೃತ ಸಹಿದಾರರನ್ನು ನೇಮಿಸಿ ಹೋಗುವುದು ಲೇಸು. ಬಸದಿಗಳ ಹಾಗೂ ದತ್ತಿಗಳ ಆಡಳಿತದಲ್ಲಿರುವವರಿಗೂ ಇದೇ ಮಾತು ಸಲ್ಲುತ್ತದೆ. ಬೀಗದ ಕೈ, ಚೆಕ್ಕಿನ ಸಹಿ, ಪೂಜಾವ್ಯವಸ್ಥೆ ಮೂರನ್ನೂ ಬರವಣಿಗೆಯಲ್ಲಿ ಒಪ್ಪಿಸಿ ಹೋದ ಟ್ರಸ್ಟಿಗೆ ಕಡಲಿನಲ್ಲಿ ಫೋನಿನ ಅಗತ್ಯ ಬೀಳದು. ಯಾವ ಸಂಸ್ಥೆ ಒಬ್ಬ ವ್ಯಕ್ತಿಯ ಫೋನಿನ ಮೇಲೆ ನಿಂತಿದೆಯೋ ಆ ಸಂಸ್ಥೆಯ ಆಡಳಿತವನ್ನೇ ಮೊದಲು ಸರಿಪಡಿಸಬೇಕು.

ಮೂರನೆಯದು ಪ್ರದರ್ಶನಕ್ಕಾಗಿ ನಡೆಯುವ ಸಂಪರ್ಕ. ಮೊಮ್ಮಗ ಮೊದಲ ಬಾರಿ ಡಾಲ್ಫಿನ್ ಕಂಡು ಕೂಗಿದ್ದನ್ನು ಊರಿನಲ್ಲಿರುವ ಮುತ್ತಜ್ಜಿಗೆ ತೋರಿಸಿದರೆ ಅದು ಸಂತೋಷದ ಹಂಚಿಕೆ. ಅದೇ ಹೊತ್ತಿನಲ್ಲಿ ಊಟದ ಮೇಜು, ಕೋಣೆಯ ಬಾಲ್ಕನಿ, ಉಡುಪುಗಳ ಚಿತ್ರಗಳನ್ನು ನೂರಾರು ಜನರಿಗೆ ಕಳುಹಿಸಿ, ಎಷ್ಟು ಜನ ಮೆಚ್ಚಿದರೆಂದು ಗಂಟೆಗೊಮ್ಮೆ ಎಣಿಸಿದರೆ ಅದು ಮಾನಕಷಾಯದ ಪೋಷಣೆ. ಆ ನೂರು ಜನರಲ್ಲಿ ಕೈ ಬಿಗಿಯಾಗಿ ಬರಲಾರದೆ ಹೋದ ತಮ್ಮನಿರಬಹುದು, ಮಗಳ ಮದುವೆಯ ಸಾಲ ತೀರಿಸುತ್ತಿರುವ ನೆಂಟರಿರಬಹುದು. ಅವರ ಮನಸ್ಸಿನಲ್ಲಿ ಏಳುವ ನೋವಿಗೆ ನಾವು ನಿಮಿತ್ತರಾಗುತ್ತೇವೆ. ವಿಚಾರ ಮಾಡದೆ ಅಗತ್ಯಕ್ಕಿಂತ ಹೆಚ್ಚು ಮಾಡುವುದನ್ನು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಎಣಿಸಿರುವುದು ಸುಮ್ಮನೆಯಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ಹೋಗಿದ್ದೇವೆಂದು ಊರಿಗೆಲ್ಲ ಸಾರಿದಂತೆಯೂ ಆಯಿತೆಂಬ ಲೌಕಿಕ ಅಪಾಯವನ್ನು ಬೇರೆಯಾಗಿ ಹೇಳಬೇಕಿಲ್ಲ.

ಈ ಮೂರನ್ನು ತೂಗುವಾಗ ನಮ್ಮ ಮನೆಗಳಲ್ಲಿ ನಡೆಯುವ ಒಂದು ಅನ್ಯಾಯವನ್ನು ಮರೆಯಬಾರದು. ಯಜಮಾನ ಅಂಗಡಿಗೆ ಮಾಡುವ ಕರೆ ‘ಕೆಲಸ’ವೆಂದೂ, ಸೊಸೆ ತವರಿಗೆ ಮಾಡುವ ಕರೆ ‘ಹರಟೆ’ಯೆಂದೂ ಎಣಿಸುವ ರೂಢಿಯೊಂದಿದೆ. ವೈ-ಫೈ ಒಂದೇ ಫೋನಿಗೆ ಕೊಳ್ಳುವುದಾದರೆ ಅದು ಯಾರ ಫೋನಿಗೆಂಬುದು ಅಲ್ಲಿ ಪ್ರಶ್ನೆಯೇ ಆಗುವುದಿಲ್ಲ. ಯಾರ ಹಿತಕ್ಕಾಗಿ ಎಂಬ ಅಳತೆಗೋಲನ್ನು ಹಿಡಿದು ನೋಡಿದರೆ ಎಷ್ಟೋ ವೇಳೆ ಈ ಎಣಿಕೆ ತಲೆಕೆಳಗಾಗುತ್ತದೆ. ಕಾಯಿಲೆಯ ತಂದೆಯ ಉಸಿರಾಟ ಹೇಗಿದೆಯೆಂದು ಕೇಳುವ ಮಗಳ ಎರಡು ನಿಮಿಷ ಕರ್ತವ್ಯಕ್ಕೆ ಸೇರುತ್ತದೆ. ಗಲ್ಲೆಯ ಮೊತ್ತ ಕೇಳುವ ಯಜಮಾನನ ಅರ್ಧ ಗಂಟೆ ಲೋಭಕ್ಕೆ ಸೇರುತ್ತದೆ. ಹಿರಿತನದಿಂದಾಗಲಿ ಗಳಿಕೆಯಿಂದಾಗಲಿ ಕರೆಯ ಯೋಗ್ಯತೆ ಹೆಚ್ಚುವುದಿಲ್ಲ. ಹಿರಿಯರು ನಿಯಮವನ್ನು ಮಾಡುವುದಾದರೆ ಮೊದಲು ತಮ್ಮ ಫೋನಿನಿಂದ ಆರಂಭಿಸಲಿ.

ಬೇಡದ ಮಾತು ಬೇಕಾದ ಮಾತಿನ ದಾರಿಯನ್ನು ಹೇಗೆ ಮುಚ್ಚಬಲ್ಲದೆಂಬುದಕ್ಕೆ ಸಮುದ್ರಯಾನದ ಇತಿಹಾಸದಲ್ಲಿಯೇ ಒಂದು ಪಾಠವಿದೆ. ೧೯೧೨ರ ಏಪ್ರಿಲ್ ೧೪ರ ರಾತ್ರಿ ಟೈಟಾನಿಕ್ ಹಡಗಿನ ನಿಸ್ತಂತು ಕೋಣೆಯಲ್ಲಿ ಪ್ರಯಾಣಿಕರ ಖಾಸಗಿ ಸಂದೇಶಗಳು ರಾಶಿಬಿದ್ದಿದ್ದವು. ಅವುಗಳನ್ನು ಕೇಪ್ ರೇಸ್ ಕೇಂದ್ರಕ್ಕೆ ರವಾನಿಸುವುದರಲ್ಲಿ ಜಾಕ್ ಫಿಲಿಪ್ಸ್ ಎಂಬ ಕಾರ್ಯನಿರ್ವಾಹಕ ಮುಳುಗಿದ್ದನು. ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗು ತಾನು ಹಿಮದ ನಡುವೆ ನಿಂತಿರುವುದಾಗಿ ತಿಳಿಸಲು ಯತ್ನಿಸಿದಾಗ, ಕೆಲಸದಲ್ಲಿದ್ದೇನೆ, ಅಡ್ಡ ಬರಬೇಡ ಎಂಬ ಅರ್ಥದ ಉತ್ತರ ಬಂತು. ಆ ಹಡಗಿನ ಏಕೈಕ ಕಾರ್ಯನಿರ್ವಾಹಕ ಸ್ವಲ್ಪ ಹೊತ್ತಿನಲ್ಲಿ ಯಂತ್ರ ನಿಲ್ಲಿಸಿ ಮಲಗಿದನು. ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಟೈಟಾನಿಕ್ ಹಿಮಗಡ್ಡೆಗೆ ತಾಗಿತು. ೧,೫೦೦ಕ್ಕೂ ಹೆಚ್ಚು ಜನ ಸತ್ತರು. ಅದೇ ಯಂತ್ರದಿಂದ, ಅದೇ ಫಿಲಿಪ್ಸ್ ಮತ್ತು ಅವನ ಜೊತೆಗಾರ ಕಳುಹಿಸಿದ ಮೊರೆಯನ್ನು ಕೇಳಿ ಕಾರ್ಪೇಥಿಯಾ ಹಡಗು ಧಾವಿಸಿದ್ದರಿಂದ ಸುಮಾರು ೭೦೦ ಜನ ಬದುಕಿದರೆಂಬುದೂ ಅಷ್ಟೇ ನಿಜ. ದುರಂತಕ್ಕೆ ಇನ್ನೂ ಅನೇಕ ಕಾರಣಗಳಿದ್ದವು. ಇಂದಿನ ಹಡಗುಗಳಲ್ಲಿ ಅಪಾಯದ ಸಂಕೇತಗಳಿಗೆ ಬೇರೆಯೇ ವ್ಯವಸ್ಥೆಯಿದ್ದು, ಪ್ರಯಾಣಿಕರ ಮಾತಿನಿಂದ ಅದಕ್ಕೆ ತಡೆಯಿಲ್ಲ. ಆದರೆ ನಮ್ಮ ಮನಸ್ಸೆಂಬ ನಿಸ್ತಂತು ಕೋಣೆಗೆ ಅಂಥ ಬೇರೆ ದಾರಿಯಿಲ್ಲ. ಅದು ಬಿಡುವಿನ ಮಾತುಗಳಿಂದ ತುಂಬಿಹೋದಾಗ ಎದುರಿಗೆ ಕುಳಿತ ಮಗ ಹೇಳಬಂದ ಮುಖ್ಯವಾದ ಮಾತೊಂದು ಹಿಂದಿರುಗಿ ಹೋಗುತ್ತದೆ.

ಇನ್ನೊಂದು ವರ್ಗದವರನ್ನೂ ನೆನೆಯಬೇಕು. ನಾವು ನಾಲ್ಕು ದಿನ ಇರುವ ಹಡಗಿನಲ್ಲಿ ಅಡುಗೆ ಮಾಡುವವರು, ಹಾಸಿಗೆ ಹಾಸುವವರು, ಯಂತ್ರ ನಡೆಸುವವರು ತಿಂಗಳುಗಟ್ಟಲೆ ಮನೆ ಕಾಣದೆ ದುಡಿಯುತ್ತಾರೆ. ಗೋವಾದಿಂದಲೂ ನಮ್ಮ ಕರಾವಳಿಯಿಂದಲೂ ಅನೇಕರು ಈ ಕೆಲಸಕ್ಕೆ ಹೋಗುತ್ತಾರೆ. ಊರಿನಲ್ಲಿ ಹುಟ್ಟಿದ ಮಗುವಿನ ಮುಖವನ್ನು ಮೊದಲು ಫೋನಿನ ಪರದೆಯ ಮೇಲೆ ಕಾಣುವ ತಂದೆ ಅವರಲ್ಲಿರಬಹುದು. ಭಾರತವು ೨೦೧೫ರಲ್ಲಿ ಅನುಮೋದಿಸಿದ, ನಾವಿಕ ಕಾರ್ಮಿಕರ ಕುರಿತಾದ ೨೦೦೬ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ೨೦೨೨ರಲ್ಲಿ ತಿದ್ದುಪಡಿಯಾಗಿದೆ. ಸಾಧ್ಯವಿದ್ದ ಮಟ್ಟಿಗೆ ಹಡಗಿನ ಕೆಲಸಗಾರರಿಗೆ ಇಂಟರ್ನೆಟ್ ಒದಗಿಸಬೇಕು, ಶುಲ್ಕ ಪಡೆದರೂ ಅದು ನ್ಯಾಯವಾಗಿರಬೇಕು ಎಂದು ಆ ತಿದ್ದುಪಡಿ ಹೇಳುತ್ತದೆ. ೨೦೨೪ರ ಡಿಸೆಂಬರ್ ೨೩ರಿಂದ ಅದು ಜಾರಿಯಲ್ಲಿದೆ. ನಮಗೆ ಭೋಗೋಪಭೋಗವಾಗಬಹುದಾದ ವಸ್ತು ಅವರಿಗೆ ಅನ್ನದಷ್ಟೇ ಅವಶ್ಯಕ. ಪರಿಗ್ರಹವು ವಸ್ತುವಿನಲ್ಲಿಲ್ಲ, ಮೂರ್ಛೆಯಲ್ಲಿದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಇದನ್ನು ಅರಿತವನು ವೈ-ಫೈ ನಿಧಾನವಾಯಿತೆಂದು ಹಡಗಿನ ಹುಡುಗನ ಮೇಲೆ ಸಿಡುಕಲಾರನು.

ಕೊನೆಯದಾಗಿ ಆಚರಣೆಯ ವಿಚಾರ. ವ್ರತವೆಂಬುದು ತಾನಾಗಿ ತೊಡುವಂಥದು. ಹೊರಿಸಿದರೆ ಅದು ಶಿಕ್ಷೆಯಾಗುತ್ತದೆ. ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡು ಸಮುದ್ರ ನೋಡೆಂದು ಗದರಿಸಿದರೆ ಅವರು ಸಮುದ್ರವನ್ನೂ ದ್ವೇಷಿಸಿಯಾರು. ಕಚೇರಿಯ ಕರೆಗೆ ಉತ್ತರಿಸಲೇಬೇಕಾದ ಉದ್ಯೋಗ ಮಗನದೋ ಮಗಳದೋ ಆಗಿರಬಹುದು. ಅವರ ಹೊಣೆಯನ್ನು ಅವರೇ ಬಲ್ಲರು. ಹೊರಡುವ ಮುನ್ನಾದಿನ ಮನೆಯವರೆಲ್ಲ ಒಟ್ಟಿಗೆ ಕುಳಿತು ಮೂರು ವಿಷಯಗಳನ್ನು ಗೊತ್ತುಮಾಡಿಕೊಂಡರೆ ಸಾಕು. ಯಾರನ್ನು ಯಾವ ಹೊತ್ತಿನಲ್ಲಿಯಾದರೂ ತಲುಪಲು ಬಿಡಬೇಕು. ದಿನದ ಯಾವ ವೇಳೆಯಲ್ಲಿ ಉಳಿದ ಸಂದೇಶಗಳನ್ನು ನೋಡಬೇಕು. ಯಾವ ಹೊತ್ತಿನಲ್ಲಿ ಎಲ್ಲರ ಫೋನೂ ಪೆಟ್ಟಿಗೆಯಲ್ಲಿರಬೇಕು. ಸ್ಥಳ, ಕಾಲ, ಕಾರ್ಯಗಳ ಪರಿಮಾಣವೆಂದರೆ ಇದೇ. ದಿನವೂ ಸಾಮಾಯಿಕ ಮಾಡುವವರಿಗೆ ಎರಡು ಘಳಿಗೆ, ಎಂದರೆ ೪೮ ನಿಮಿಷಗಳ ಮೌನ ಈಗಾಗಲೇ ಅಭ್ಯಾಸದಲ್ಲಿದೆ. ಸೂರ್ಯೋದಯದ ವೇಳೆ ಹಡಗಿನ ಮೇಲಟ್ಟದಲ್ಲಿ ಅಷ್ಟು ಹೊತ್ತು ಫೋನಿಲ್ಲದೆ ಕುಳಿತುಕೊಳ್ಳುವುದನ್ನು ಮಕ್ಕಳಿಗೂ ಒಂದು ದಿನ ಕಲಿಸಿ ನೋಡಬಹುದು.

ಉಪಗ್ರಹಗಳು ಮುಂದೆ ಇನ್ನೂ ಹೆಚ್ಚುವುವು, ದರ ಇನ್ನೂ ಇಳಿಯುವುದು. ಸಂಕೇತ ಸಿಗಲಿಲ್ಲವೆಂಬ ನೆಪವನ್ನು ಕಡಲೂ ನಮಗೆ ಒದಗಿಸದ ದಿನ ದೂರವಿಲ್ಲ. ಆಗ ಮಾತನಾಡುವುದೂ ಮೌನವಾಗಿರುವುದೂ ಸಂಪೂರ್ಣವಾಗಿ ನಮ್ಮ ಆಯ್ಕೆಯೇ ಆಗುತ್ತದೆ. ಹೊಣೆಯೂ ನಮ್ಮದೇ. ನಂಬಿದವರಿಗೆ ತೆರೆದ ಬಾಗಿಲು, ಲೋಭಕ್ಕೂ ಮಾನಕ್ಕೂ ಮುಚ್ಚಿದ ಬಾಗಿಲು ನಮ್ಮ ಕುಟುಂಬಗಳಲ್ಲಿ ಇರಲಿ. ಪ್ರಯಾಣ ಹೊರಡುವ ಎಲ್ಲ ಶ್ರಾವಕ ಶ್ರಾವಿಕೆಯರ ದಾರಿ ಕ್ಷೇಮವಾಗಿರಲಿ, ಮನೆಯಲ್ಲಿ ಕಾಯುವವರ ಮನಸ್ಸು ನಿರಾಕುಲವಾಗಿರಲಿ.